ಹೆಂಡತಿ ಬರುವುದಿಲ್ಲ, ಇಬ್ಬರು ಹೆಣ್ಣುಮಕ್ಕಳೊಂದಿಗೆ ನಾನೊಬ್ಬನೇ ಜಪಾನಿಗೆ: ಹೋಗಿಬಂದವರು ಹೇಳಿ

ಜಡೆ ಬಾರದ ಅಪ್ಪ, ದಾವಣಗೆರೆ

ಟಿಕೆಟ್ ಆಗಿದೆ. ಏಪ್ರಿಲ್ 12ಕ್ಕೆ ಬೆಂಗಳೂರಿನಿಂದ ಟೋಕಿಯೊ, 22ಕ್ಕೆ ವಾಪಸ್. ಹೊರಟಿದ್ದವರು ನಾಲ್ವರು. ಕಳೆದ ವಾರ ನನ್ನ ಹೆಂಡತಿಯ ಸ್ನಾತಕೋತ್ತರ ಪರೀಕ್ಷೆಯ ದಿನಾಂಕ ಬಂತು, ಏಪ್ರಿಲ್ 15. ರದ್ದು ಮಾಡೋಣ ಎಂದೆ. "ಮಕ್ಕಳು ಕ್ಯಾಲೆಂಡರಿನಲ್ಲಿ ದಿನ ಹೊಡೆದುಹಾಕುತ್ತಿದ್ದಾರೆ. ನೀವು ಕರೆದುಕೊಂಡು ಹೋಗಿ, ನನಗೂ ಓದುವುದಕ್ಕೆ ಮನೆ ಖಾಲಿ ಸಿಗುತ್ತದೆ" ಎಂದಳು. ಈ ಗಂಟೆ ನನ್ನ ಕೊರಳಿಗೆ ಬಿದ್ದದ್ದು ಹೀಗೆ.

ದೊಡ್ಡವಳಿಗೆ ಹತ್ತು ತುಂಬಿದೆ, ಚಿಕ್ಕವಳಿಗೆ ಐದು. ನಾವು ಸಸ್ಯಾಹಾರಿಗಳು. ಟೋಕಿಯೊ, ಹಕೋನೆ, ಕ್ಯೋಟೊ, ನಾರಾ ಎಂದುಕೊಂಡಿದ್ದೇವೆ. ನೋಡುವ ಜಾಗಗಳ ಬಗ್ಗೆ ಯಾರೂ ಹೇಳಬೇಡಿ, ಅದು ಎಲ್ಲ ಕಡೆ ಸಿಗುತ್ತದೆ. ನನಗೆ ನಿದ್ದೆಗೆಡಿಸುತ್ತಿರುವುದು ಬೇರೆ. ತಾಯಿ ಜೊತೆಗಿಲ್ಲದಿದ್ದರೆ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆಯೇ? ಮಕ್ಕಳು ಶೌಚಾಲಯಕ್ಕೆ ಹೋಗಬೇಕೆಂದರೆ ನಾನು ಎಲ್ಲಿ ನಿಲ್ಲಬೇಕು? ಬಿಸಿನೀರಿನ ಸ್ನಾನದ ಮನೆಗೆ ಹೋಗೋಣವೆಂದು ದೊಡ್ಡವಳಿಗೆ ಮಾತು ಕೊಟ್ಟಿದ್ದೆವು, ಅಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆಯಂತೆ. ಮತ್ತು ಇಬ್ಬರಿಗೂ ಸೊಂಟದವರೆಗೆ ಕೂದಲಿದೆ, ನನಗೆ ಜಡೆ ಹಾಕಲು ಬರುವುದಿಲ್ಲ. ನಗಬೇಡಿ.

ಕಾಗದದ ಹುಲಿ, ಮೈಸೂರು

ಮೊದಲು ಮಕ್ಕಳ ಪಾಸ್‌ಪೋರ್ಟ್ ತೆಗೆದು ಅವಧಿ ನೋಡಿ. ಉಳಿದದ್ದೆಲ್ಲ ಆಮೇಲೆ. ನಮ್ಮದು ಹತ್ತು ವರ್ಷ ಬಾಳುತ್ತದೆ, ಮಕ್ಕಳದು ಐದೇ ವರ್ಷ. ಎಷ್ಟೋ ಜನ ಎಡವುವುದು ಇಲ್ಲೇ. ಹೊಸದು ಮಾಡಿಸಬೇಕಾದರೆ ತಂದೆತಾಯಿ ಇಬ್ಬರೂ ಸಹಿ ಮಾಡುವ 'ಅನೆಕ್ಷರ್ ಡಿ' ಎಂಬ ಘೋಷಣಾ ಪತ್ರ ಬೇಕು. ನಿಮ್ಮವರು ಪುಸ್ತಕದಿಂದ ತಲೆಯೆತ್ತುವುದು ಕಷ್ಟವಾಗುವ ಮೊದಲೇ ಮಾಡಿಸಿ.

ತಾಯಿಯ ಒಪ್ಪಿಗೆ ಪತ್ರ ಕಡ್ಡಾಯವೇ ಅಲ್ಲವೇ ಎಂದು ವಾದಿಸುವ ಜಾಗ ವಿಮಾನ ನಿಲ್ದಾಣದ ಕೌಂಟರ್ ಅಲ್ಲ. ಬರೆಸಿಟ್ಟುಕೊಳ್ಳಿ. ಯಾವ ದೇಶ, ಯಾವ ದಿನದಿಂದ ಯಾವ ದಿನದವರೆಗೆ, ಮಕ್ಕಳ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ, ತಾಯಿಯ ಮೊಬೈಲ್ ಸಂಖ್ಯೆ, ಕೆಳಗೆ ಸಹಿ ಮತ್ತು ನೋಟರಿ ಮುದ್ರೆ. ಜೊತೆಗೆ ತಾಯಿಯ ಪಾಸ್‌ಪೋರ್ಟಿನ ಪ್ರತಿ, ಇಂಗ್ಲಿಷಿನಲ್ಲೂ ಇರುವ ಜನನ ಪ್ರಮಾಣಪತ್ರ. ದಕ್ಷಿಣ ಆಫ್ರಿಕಾ 2015ರಲ್ಲಿ ಮಕ್ಕಳ ಜನನ ಪ್ರಮಾಣಪತ್ರ ಕಡ್ಡಾಯ ಮಾಡಿದಾಗ ವಿಮಾನ ಹತ್ತಲಾಗದೆ ಮರಳಿದ ಕುಟುಂಬಗಳಿದ್ದವು. 2019ರಲ್ಲಿ ಅವರೇ ಸಡಿಲಿಸಿದರು. ಜಪಾನ್ ಅಷ್ಟು ಬಿಗಿಯಲ್ಲ, ಆದರೆ ಅಭ್ಯಾಸ ಒಳ್ಳೆಯದು.

ಹೆಸರುಗಳ ಕಥೆ ಏನು? ನಮ್ಮ ಕಡೆಯ ಮಕ್ಕಳ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯಿರುವುದೇ ಹೆಚ್ಚು. ಇನಿಷಿಯಲ್ ನಂಬಿಕೊಂಡು ಬದುಕಿದ ಜನ ನಾವು. ಯುಎಇ 2022ರ ನವೆಂಬರಿನಲ್ಲಿ ಒಂದೇ ಹೆಸರಿನವರಿಗೆ ಪ್ರವಾಸಿ ವೀಸಾ ಇಲ್ಲ ಎಂದಾಗ ದಕ್ಷಿಣ ಭಾರತದ ಅರ್ಧ ಜನ ತಬ್ಬಿಬ್ಬಾಗಿದ್ದರು. ದುಬೈ ಮಾರ್ಗವಾಗಿ ಹೋಗುವವರಾದರೆ ಮೊದಲೇ ವಿಚಾರಿಸಿ.

ವೀಸಾ ಇ-ವೀಸಾ ಆಗಿದ್ದರೆ ಮುದ್ರಿಸಿದ ಕಾಗದ ನಡೆಯುವುದಿಲ್ಲ, ಅಂತರ್ಜಾಲದಲ್ಲಿ ತೆರೆದು ಮೊಬೈಲಿನ ಪರದೆಯಲ್ಲೇ ತೋರಿಸಬೇಕು. ಕಾಗದದ ಹುಲಿಯಾದ ನನಗೆ ಇದು ಅವಮಾನ. ಆ ಹೊತ್ತಿಗೆ ಚಿಕ್ಕವಳ ಕೈಗೆ ಮೊಬೈಲ್ ಕೊಟ್ಟು ಚಾರ್ಜ್ ಮುಗಿಸಿಕೊಂಡಿರಬೇಡಿ.

ಮೂಡಿಗೆರೆ ಮಳೆ

ಖಾರವಾಗಿ ಹೇಳುತ್ತೇನೆ, ಕ್ಷಮಿಸಿ. ತಾಯಿ ಇಲ್ಲದೆ ಹತ್ತು ವರ್ಷದ ಹೆಣ್ಣುಮಗುವನ್ನು ಭಾಷೆ ಬಾರದ ದೇಶಕ್ಕೆ ಕರೆದೊಯ್ಯುವುದು ನನಗೆ ಸರಿಕಾಣುವುದಿಲ್ಲ. ಜಪಾನ್ ಎಲ್ಲಿಗೂ ಓಡಿಹೋಗುವುದಿಲ್ಲ. ಅಕ್ಟೋಬರಿನಲ್ಲಿ ನಾಲ್ವರೂ ಹೋಗಿ.

ಇಬ್ಬರ ಅಮ್ಮ, ಬೆಂಗಳೂರು

ಮಳೆಯವರೇ, ನಾನು ವಿಚ್ಛೇದಿತೆ. ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬಳೇ ಶ್ರೀಲಂಕಾ ಮತ್ತು ಸಿಂಗಪುರಕ್ಕೆ ಕರೆದುಕೊಂಡು ಹೋಗಿದ್ದೇನೆ. ತಂದೆ ಇಲ್ಲದೆ ಹೋಗುವುದು ಸರಿಯೇ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಮಕ್ಕಳನ್ನು ನೋಡಿಕೊಳ್ಳುವುದು ನನ್ನ ಹುಟ್ಟುಗುಣ ಎಂದು ಎಲ್ಲರೂ ಭಾವಿಸಿದ್ದಾರೆ. ಕೇಳಿದ್ದು ಬೇರೆ: "ಗಂಡ ಎಲ್ಲಿ? ಅವರ ಅನುಮತಿ ಇದೆಯೇ?" 2016ರ ಡಿಸೆಂಬರಿನಿಂದ ಪಾಸ್‌ಪೋರ್ಟ್ ಅರ್ಜಿಗೆ ತಂದೆ ಅಥವಾ ತಾಯಿ, ಒಬ್ಬರ ಹೆಸರು ಸಾಕು. ಆ ನಿಯಮದ ಪ್ರತಿಯನ್ನು ನಾನೇ ಒಯ್ದು ಮೇಜಿನ ಮೇಲಿಡಬೇಕಾಯಿತು. ಅಪ್ಪ ಒಬ್ಬನೇ ಹೋದರೆ ಅನುಮಾನ, ಅಮ್ಮ ಒಬ್ಬಳೇ ಹೋದರೆ ಅನುಕಂಪ. ಎರಡೂ ಬೇಡ.

ಜಡೆಗೆ: ಈಗ ಫೆಬ್ರುವರಿ. ದಿನಕ್ಕೊಂದು ಹಾಕಿ. ಮೊದಲ ಇಪ್ಪತ್ತು ಕೆಡುತ್ತವೆ. ಒದ್ದೆ ಕೂದಲಿಗೆ ಹಾಕಬೇಡಿ, ಒಣಗಿದ ಮೇಲೆ ಸಡಿಲವಾಗುತ್ತದೆ.

ನಿಶಿಕಸಾಯ್ ನಿವಾಸಿ, ಟೋಕಿಯೊ

ಹಾಸನದವನು, ಇಲ್ಲಿಗೆ ಬಂದು ಹನ್ನೊಂದು ವರ್ಷ. ನಿಶಿಕಸಾಯ್ ಎಂದರೆ ಟೋಕಿಯೊದ ಎದೊಗಾವಾ ವಾರ್ಡಿನಲ್ಲಿ ಭಾರತೀಯರು ಗುಂಪಾಗಿ ನೆಲೆಸಿರುವ ಕಡೆ. ನನಗೂ ಒಬ್ಬಳು ಮಗಳಿದ್ದಾಳೆ. ನಿಮ್ಮ ಪ್ರಶ್ನೆಗಳಲ್ಲಿ ಎರಡಕ್ಕೆ ಸ್ವಂತ ಅನುಭವದಿಂದ ಉತ್ತರಿಸಬಲ್ಲೆ.

ಶೌಚಾಲಯ. ನಿಲ್ದಾಣ, ಮಾಲ್, ಉದ್ಯಾನ ಎಲ್ಲ ಕಡೆ ಗಂಡಸರದು, ಹೆಂಗಸರದು ಅಲ್ಲದೆ ಮೂರನೆಯದೊಂದು ಇರುತ್ತದೆ. ಜಾರುಬಾಗಿಲಿನ ದೊಡ್ಡ ಕೋಣೆ, ಗಾಲಿಕುರ್ಚಿ ತಿರುಗುವಷ್ಟು ಜಾಗ. 'ದಾರೆದೆಮೊ ತೊಯಿರೆ' ಎನ್ನುತ್ತಾರೆ, 'ಯಾರಾದರೂ ಬಳಸಬಹುದಾದ ಶೌಚಾಲಯ' ಎಂದರ್ಥ. ಚಿಕ್ಕವಳೊಂದಿಗೆ ಅಲ್ಲಿಗೆ ಹೋಗಿ. ಆದರೆ ಗಾಲಿಕುರ್ಚಿಯವರು ಕಾಯುತ್ತಿದ್ದರೆ ಅವರಿಗೆ ಮೊದಲು ಬಿಡಿ.

ಸ್ನಾನ. ಮೈಮೇಲೆ ಬಟ್ಟೆಯಿಲ್ಲದೆ ಎಲ್ಲರೂ ಒಟ್ಟಿಗೆ ಇಳಿಯುವ ಕೊಳ ಅದು, ಈಜುಡುಗೆಗೆ ಅವಕಾಶವಿಲ್ಲ. ಮಕ್ಕಳು ತಾಯಿ ಅಥವಾ ತಂದೆಯ ಜೊತೆ ಯಾವ ವಯಸ್ಸಿನವರೆಗೆ ಇನ್ನೊಂದು ಕಡೆಗೆ ಹೋಗಬಹುದು ಎಂಬುದಕ್ಕೆ ಸರ್ಕಾರದ ಮಾರ್ಗಸೂಚಿ ಇದೆ. ಮೊದಲು ಹತ್ತು ವರ್ಷದ ಗಡಿಯಿತ್ತು, 2020ರಲ್ಲಿ ಅದನ್ನು ಏಳಕ್ಕೆ ಇಳಿಸಿದರು. ಅಂದರೆ ಚಿಕ್ಕವಳು ನಿಮ್ಮೊಂದಿಗೆ ಗಂಡಸರ ಕಡೆಗೆ ಬರಬಹುದು, ದೊಡ್ಡವಳು ಒಬ್ಬಳೇ ಹೆಂಗಸರ ಕಡೆಗೆ ಹೋಗಬೇಕು. ಐದು ವರ್ಷದ ಮಗಳನ್ನೂ ನಾನಾದರೆ ಕರೆದೊಯ್ಯುವುದಿಲ್ಲ. ಹಕೋನೆಯ ಅನೇಕ ವಸತಿಗೃಹಗಳಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಖಾಸಗಿ ಕೊಳವಿರುತ್ತದೆ, ಹೆಸರು 'ಕಶಿಕಿರಿ'. ಒಳಗೆ ಬೀಗ ಹಾಕಿಕೊಳ್ಳಬಹುದು. ಕೋಣೆ ಕಾಯ್ದಿರಿಸುವಾಗಲೇ ಕೇಳಿ.

ಇನ್ನೊಂದು, ಇದನ್ನು ಯಾರೂ ಹೇಳುವುದಿಲ್ಲ. ಬೆಳಗಿನ ನೂಕುನುಗ್ಗಲಿನ ಹೊತ್ತಿನಲ್ಲಿ ರೈಲಿನ ಒಂದು ಬೋಗಿ ಹೆಂಗಸರಿಗೆ ಮೀಸಲು, ಪ್ಲಾಟ್‌ಫಾರ್ಮಿನ ನೆಲದಲ್ಲಿ ಗುಲಾಬಿ ಗುರುತಿರುತ್ತದೆ. ಹೆಣ್ಣುಮಕ್ಕಳಿದ್ದಾರೆಂದು ನೀವು ಅದರೊಳಗೆ ನುಗ್ಗಬೇಡಿ. ನಾನು ಒಮ್ಮೆ ನುಗ್ಗಿದ್ದೆ. ಯಾರೂ ಬಯ್ಯಲಿಲ್ಲ, ಎಲ್ಲರೂ ಮೊಬೈಲ್ ನೋಡುತ್ತಾ ನಿಂತರು. ಬಯ್ದಿದ್ದರೆ ಚೆನ್ನಾಗಿತ್ತು.

ರೈಲು ಗಿರಾಕಿ, ಹುಬ್ಬಳ್ಳಿ

ಜಪಾನ್ ರೈಲ್ವೆಯ ಏಳು ದಿನದ 'ಜೆಆರ್ ಪಾಸ್' ಕೊಳ್ಳಬೇಡಿ. 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು, ಟೋಕಿಯೊ–ಕ್ಯೋಟೊ ಹೋಗಿಬರುವವರಿಗೆ ಲೆಕ್ಕ ಹೊಂದುವುದಿಲ್ಲ. ಆರು ತುಂಬದವರಿಗೆ ಟಿಕೆಟ್ ಬೇಕಿಲ್ಲ, ಆದರೆ ಬುಲೆಟ್ ರೈಲು ಶಿಂಕಾನ್‌ಸೆನ್‌ನಲ್ಲಿ ಚಿಕ್ಕವಳಿಗೇ ಒಂದು ಆಸನ ಬೇಕೆಂದರೆ ಮಕ್ಕಳ ದರ ಕೊಡಬೇಕು. ಆರರಿಂದ ಹನ್ನೊಂದರವರೆಗೆ ಅರ್ಧ. ಕ್ಯೋಟೊ ಕಡೆಗೆ ಹೋಗುವಾಗ ಬಲಗಡೆಯ 'ಇ' ಆಸನ ಹಿಡಿಯಿರಿ, ಮೋಡವಿಲ್ಲದಿದ್ದರೆ ಫುಜಿ ಕಾಣುತ್ತದೆ. ಇಬ್ಬರಿಗೂ ಕಿಟಕಿಯೇ ಬೇಕೆಂದು ಜಗಳವಾದರೆ ಅದಕ್ಕೆ ನನ್ನಲ್ಲಿ ಪರಿಹಾರವಿಲ್ಲ.

ಹೊಸಪೇಟೆ ಅಕ್ಕ

ಇಲ್ಲಿ ಎಲ್ಲರೂ ಸುತ್ತಿಬಳಸಿ ಹೋಗುತ್ತಿದ್ದೀರಿ, ನಾನು ನೇರವಾಗಿ ಹೇಳುತ್ತೇನೆ. ದೊಡ್ಡವಳಿಗೆ ಹತ್ತು ತುಂಬಿದೆ ಎಂದಿರಿ. ಈಗಿನ ಮಕ್ಕಳಲ್ಲಿ ಆ ವಯಸ್ಸಿಗೆ ಮುಟ್ಟು ಶುರುವಾಗುವುದು ಅಪರೂಪವಲ್ಲ. ಹತ್ತು ದಿನ ನೀವೊಬ್ಬರೇ ಇರುತ್ತೀರಿ. ಒಂದು ಸಣ್ಣ ಚೀಲದಲ್ಲಿ ನಾಲ್ಕು ಪ್ಯಾಡ್, ಎರಡು ಒಳಉಡುಪು, ಒಂದು ಕಪ್ಪು ಪ್ಯಾಂಟ್. ಹೊರಡುವ ಮೊದಲು ಅವಳ ಅಮ್ಮ ಕೂರಿಸಿಕೊಂಡು ಮಾತಾಡಲಿ. ಆಮೇಲೆ ನೀವೂ ಒಂದು ವಾಕ್ಯ ಹೇಳಿ: "ಏನಾದರೂ ಆದರೆ ನನಗೇ ಹೇಳಬಹುದು." ಅಷ್ಟು ಸಾಕು, ಭಾಷಣ ಬೇಡ.

ಜಡೆ ಬಾರದ ಅಪ್ಪ, ದಾವಣಗೆರೆ

ಅಕ್ಕಾ, ನಿಮ್ಮ ಸಂದೇಶವನ್ನು ಕಚೇರಿಯಲ್ಲಿ ಓದಿ ಮೊಬೈಲನ್ನು ಮೇಜಿನ ಮೇಲೆ ಮಗುಚಿ ಇಟ್ಟೆ. ಅರ್ಧ ಗಂಟೆಯ ನಂತರ ಮತ್ತೆ ತೆಗೆದು ಓದಿದೆ. ಮಕ್ಕಳ ಪಾಸ್‌ಪೋರ್ಟ್, ವಿಮೆ, ಕೆಮ್ಮಿನ ಔಷಧ ಎಲ್ಲ ಬರೆದಿಟ್ಟಿದ್ದ ಪಟ್ಟಿಯಲ್ಲಿ ಇದೊಂದು ಇರಲಿಲ್ಲ. ಹೆಂಡತಿಗೆ ತೋರಿಸಿದೆ. "ನೀವು ಕೇಳುತ್ತೀರೋ ಇಲ್ಲವೋ ನೋಡುತ್ತಿದ್ದೆ" ಎಂದಳು. ಚೀಲ ಆಗಲೇ ಸಿದ್ಧವಾಗಿತ್ತು.

ನಿಶಿಕಸಾಯ್ ನಿವಾಸಿ, ಟೋಕಿಯೊ

ಇಲ್ಲಿನ ಯಾವ ಕೊಂಬಿನಿಯಲ್ಲಾದರೂ, ಅಂದರೆ ಇಪ್ಪತ್ನಾಲ್ಕು ಗಂಟೆ ತೆರೆದಿರುವ ಮೂಲೆ ಅಂಗಡಿಯಲ್ಲಿ, ಪ್ಯಾಡ್ ಸಿಗುತ್ತದೆ. 'ನಾಪುಕಿನ್' ಎಂದರೆ ಸಾಕು. ಮಗಳು ದೊಡ್ಡವಳಾದಾಗ ಕೆಂಪು ಅವರೆಕಾಳಿನಂಥ ಅಜುಕಿ ಹಾಕಿದ ಅನ್ನ, 'ಸೆಕಿಹಾನ್', ಮಾಡುವ ಪದ್ಧತಿ ಇಲ್ಲಿದೆ. ನಮ್ಮಲ್ಲಿ ಎಳ್ಳಿನ ಚಿಗಳಿ ಕೊಡುವ ಹಾಗೆ. ಈಗಿನ ಹುಡುಗಿಯರಿಗೆ ಅದು ಎರಡೂ ಕಡೆ ಮುಜುಗರವೇ.

ಕೆಮ್ಮಿನ ಔಷಧ ಎಂದಿರಲ್ಲ, ಅಲ್ಲಿ ಎಚ್ಚರ. ಸೂಡೊಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿರುವ ಔಷಧ ಇಲ್ಲಿ ಉದ್ದೀಪಕದ ಕಾನೂನಿಗೆ ಸಿಕ್ಕಿಹಾಕಿಕೊಳ್ಳುತ್ತದೆ, ಕೊಡೀನ್‌ಗೂ ಮಿತಿ ಇದೆ. ನಮ್ಮ ಕಡೆಯ ನೆಗಡಿ ಮಾತ್ರೆಯ ಹಿಂಬದಿ ಓದಿ. ಮಕ್ಕಳಿಗೆ ಬರೀ ಪ್ಯಾರಸಿಟಮಾಲ್ ತನ್ನಿ.

ಊಟ. ಇದೇ ನಿಜವಾದ ಯುದ್ಧ. ಮಾಂಸ ಬೇಡ ಎಂದರೆ ಮೀನು ಕೊಡುತ್ತಾರೆ. ಮೀನೂ ಬೇಡ ಎಂದರೆ ಒಪ್ಪುತ್ತಾರೆ, ಆದರೆ ಸಾರು 'ದಾಶಿ'ಯದು. ದಾಶಿ ಹೆಚ್ಚಾಗಿ ಒಣಗಿಸಿದ ಬೊನಿಟೊ ಮೀನಿನ ತುರಿಯಿಂದ ತೆಗೆದದ್ದು, ಅಡುಗೆಯವರ ಲೆಕ್ಕದಲ್ಲಿ ಅದು ಮೀನೇ ಅಲ್ಲ. ಮಿಸೊ ಸಾರು, ನೂಡಲ್ಸಿನ ಅದ್ದು, ತರಕಾರಿ ಪಲ್ಯ, ಎಲ್ಲದರಲ್ಲೂ ಇದೆ. ದೇವಾಲಯಗಳ 'ಶೋಜಿನ್ ರ‍್ಯೋರಿ' ಬೌದ್ಧ ಭಿಕ್ಷುಗಳ ಊಟ, ಅದಕ್ಕೆ ಕಡಲಪಾಚಿ ಮತ್ತು ಅಣಬೆಯ ಸಾರು, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ಊಟವೆಂದೇ ತಿಳಿಯಿರಿ. ಆದರೆ ಐದು ವರ್ಷದವಳು ಎಳ್ಳಿನ ತೋಫು ತಿನ್ನುತ್ತಾಳೆಂದು ನಾನು ಭರವಸೆ ಕೊಡಲಾರೆ. ಸುಟ್ಟ ಗೆಣಸು, ಬಾಳೆಹಣ್ಣು, ಮೊಸರು, ಬರೀ ಉಪ್ಪಿನ ಅನ್ನದುಂಡೆ ಎಲ್ಲೆಡೆ ಸಿಗುತ್ತವೆ. ಅವಲಕ್ಕಿ, ಚಟ್ನಿಪುಡಿ, ಚಕ್ಕುಲಿ ತನ್ನಿ. ಹಸಿ ಹಣ್ಣು, ಕರಿಬೇವು ತರಬೇಡಿ, ಗಡಿಯಲ್ಲೇ ಕಿತ್ತುಕೊಳ್ಳುತ್ತಾರೆ. ಒಂದು ಸಂಜೆ ನಿಶಿಕಸಾಯ್ ಕಡೆ ಬಂದರೆ ದೋಸೆ ಸಿಗುತ್ತದೆ.

ಗೊಂಬೆ ಮನೆ, ಶ್ರೀರಂಗಪಟ್ಟಣ

ವಿಷಯಾಂತರಕ್ಕೆ ಕ್ಷಮೆಯಿರಲಿ. ಒಂದೂವರೆ ತಿಂಗಳು ಮುಂಚೆ ಹೊರಟಿದ್ದರೆ ಹಿನಾಮತ್ಸುರಿ ಸಿಗುತ್ತಿತ್ತು. ಮಾರ್ಚ್ 3, ಹೆಣ್ಣುಮಕ್ಕಳ ಹಬ್ಬ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲು, ಮೇಲ್ಮೆಟ್ಟಿಲಲ್ಲಿ ರಾಜ ರಾಣಿ, ಕೆಳಗೆ ಪರಿವಾರ, ವಾದ್ಯದವರು. ದಸರೆಯ ಪಟ್ಟದ ಗೊಂಬೆ ಕೂರಿಸಿದವರಿಗೆ ಅಲ್ಲಿ ಏನನ್ನೂ ವಿವರಿಸಬೇಕಿಲ್ಲ. ಹಬ್ಬ ಮುಗಿದ ಕೂಡಲೇ ಗೊಂಬೆ ಎತ್ತಿಡದಿದ್ದರೆ ಮಗಳ ಮದುವೆ ತಡವಾಗುತ್ತದಂತೆ. ನಮ್ಮ ಮನೆಯಲ್ಲಿ ದೀಪಾವಳಿವರೆಗೂ ಎತ್ತಿಡುವುದಿಲ್ಲ, ನನ್ನ ಮದುವೆ ಮೂವತ್ತೆರಡಕ್ಕಾಯಿತು. ಹೊಂದಿಕೆಯಾಗುತ್ತದೆ.

ಇಬ್ಬರ ಅಮ್ಮ, ಬೆಂಗಳೂರು

ಕೊನೆಯದೊಂದು. ಹೋಟೆಲಿನ ಹೆಸರು ವಿಳಾಸವನ್ನು ಜಪಾನಿ ಲಿಪಿಯಲ್ಲಿ ಬರೆಸಿ, ನಿಮ್ಮ ಮೊಬೈಲ್ ಸಂಖ್ಯೆ ಸೇರಿಸಿ, ಇಬ್ಬರ ಜೇಬಿನಲ್ಲೂ ಇಡಿ. ಕಳೆದುಹೋದರೆ ಹುಡುಕಬೇಡ, ನಿಂತಲ್ಲೇ ಕುಳಿತುಕೋ ಎಂದು ಹೇಳಿಕೊಡಿ. ಹುಡುಕುವ ಕೆಲಸ ದೊಡ್ಡವರದು.

ನಿಶಿಕಸಾಯ್ ನಿವಾಸಿ, ಟೋಕಿಯೊ

ಹೌದು. ಕಳೆದುಹೋದ ಮಗುವಿಗೆ ಇಲ್ಲಿ 'ಮೈಗೊ' ಎನ್ನುತ್ತಾರೆ. ಆ ಒಂದು ಪದ ಕಲಿಸಿ. 'ಕೋಬಾನ್' ಎಂಬ ಪುಟ್ಟ ಪೊಲೀಸ್ ಚೌಕಿಗಳು ಊರ ತುಂಬ ಇವೆ. ಪೊಲೀಸ್ 110, ಆಂಬುಲೆನ್ಸ್ 119.

ಜಡೆ ಬಾರದ ಅಪ್ಪ, ದಾವಣಗೆರೆ (ಮೇ ಮೊದಲ ವಾರ)

ಬಂದೆವು. ಮೂವರೂ ಇದ್ದೇವೆ.

ಬೆಂಗಳೂರಿನಲ್ಲಿ ಅಧಿಕಾರಿ ನನ್ನ ಪತ್ರ ಕೇಳಲಿಲ್ಲ. ಚಿಕ್ಕವಳ ಕಡೆ ಬಾಗಿ "ಇವರು ಯಾರು?" ಎಂದರು. ಅವಳು ನಾಚಿಕೊಂಡು ನನ್ನ ಕಾಲಿನ ಹಿಂದೆ ಅಡಗಿದಳು. ಆ ಹತ್ತು ಸೆಕೆಂಡು ನನ್ನ ಜೀವ ಬಾಯಿಗೆ ಬಂದಿತ್ತು. ದೊಡ್ಡವಳು "ಅಪ್ಪ" ಎಂದಳು, ಮುದ್ರೆ ಬಿತ್ತು. ಪತ್ರ ನೋಡಿದ್ದು ವಿಮಾನ ಸಂಸ್ಥೆಯ ಕೌಂಟರಿನವರು, ಅದೂ ಎರಡು ಸಲ. ಹುಲಿಯವರೇ, ನಮಸ್ಕಾರ. ಟೋಕಿಯೊದಲ್ಲಿ ಹದಿನಾರು ತುಂಬದವರಿಗೆ ಬೆರಳಚ್ಚು ಇಲ್ಲ. ನನ್ನದನ್ನು ಮಾತ್ರ ತೆಗೆದುಕೊಂಡರು. ಅಪ್ಪನೊಬ್ಬನೇ ಕಳ್ಳ ಎಂದು ಮಕ್ಕಳು ತೀರ್ಮಾನಿಸಿದರು.

ಶೌಚಾಲಯದ ಬಗ್ಗೆ ನಾನು ಕಳೆದುಕೊಂಡ ನಿದ್ದೆ ದಂಡ. ಮೊದಲ ದಿನ ಮೂರನೆಯ ಕೋಣೆ ಹುಡುಕಿಕೊಂಡು ಓಡಿದೆ. ಎರಡನೆಯ ದಿನ ದೊಡ್ಡವಳು ತಂಗಿಯ ಕೈಹಿಡಿದು "ನೀವು ಇಲ್ಲೇ ಇರಿ" ಎಂದು ಹೆಂಗಸರ ಕಡೆಗೆ ನಡೆದೇಬಿಟ್ಟಳು. ತೊಂದರೆ ಆದದ್ದು ಹೊರಬರುವಾಗ. ಗುಂಡಿ ಒತ್ತಿದರೆ ನೀರು ಹರಿಯುವ ಸದ್ದು ಮಾಡುವ 'ಒತೊಹಿಮೆ' ಎಂಬ ಪೆಟ್ಟಿಗೆ ಒಳಗಿದೆಯಂತೆ, ಒಳಗಿರುವವರ ಸದ್ದು ಹೊರಗೆ ಕೇಳಬಾರದೆಂದು. ಚಿಕ್ಕವಳು ಅದನ್ನು ಬಿಟ್ಟು ಬರಲಿಲ್ಲ. ನಾನು ಎರಡು ಗುಲಾಬಿ ಚೀಲ ಹೊತ್ತು ದಾವಣಗೆರೆ ಬಸ್ ನಿಲ್ದಾಣದಲ್ಲಿ ನಿಂತಂತೆಯೇ ನಿಂತಿದ್ದೆ.

ಹಕೋನೆ. ಖಾಸಗಿ ಕೊಳವನ್ನು ಐವತ್ತು ನಿಮಿಷಕ್ಕೆ ತೆಗೆದುಕೊಂಡಿದ್ದೆ. ಮೂವರೂ ಒಟ್ಟಿಗೆ ಎಂದು ನನ್ನ ತಲೆಯಲ್ಲಿತ್ತು. ಬಾಗಿಲ ಬಳಿ ದೊಡ್ಡವಳು ನಿಂತಳು. "ನಾನು ಮೊದಲು ಒಬ್ಬಳೇ ಹೋಗಲಾ?" ಎಂದಳು. ಅದು ನನಗೆ ಹೊಳೆದೇ ಇರಲಿಲ್ಲ, ಅವಳಿಗೆ ಹೊಳೆದಿತ್ತು. ಇಪ್ಪತ್ತೈದು ನಿಮಿಷ ಅವಳು ಒಳಗೆ, ನಾನೂ ಚಿಕ್ಕವಳೂ ಹೊರಗಿನ ಬೆಂಚಿನ ಮೇಲೆ. ಎರಡು ನಿಮಿಷಕ್ಕೊಮ್ಮೆ "ಇದ್ದೀಯಾ?" ಎಂದು ಕೂಗುತ್ತಿದ್ದೆ, "ಇದ್ದೇನೆ" ಎನ್ನುತ್ತಿದ್ದಳು. ಕೊನೆಗೆ ಅವಳೇ "ಅಪ್ಪಾ, ಸ್ವಲ್ಪ ಸುಮ್ಮನಿರಿ" ಎಂದಳು. ಆಮೇಲೆ ನಮ್ಮ ಸರದಿ. ಚಿಕ್ಕವಳು ಒಂದು ಕಾಲ್ಬೆರಳು ಅದ್ದಿ "ಇದು ಸ್ನಾನದ ನೀರಲ್ಲ, ಸಾರು" ಎಂದು ಹೊರಬಂದಳು.

ನಾರಾದಲ್ಲಿ ಜಿಂಕೆ ನನ್ನ ನಕ್ಷೆ ತಿಂದಿತು. ತೋದಾಯ್-ಜಿ ದೇವಾಲಯದ ದೊಡ್ಡ ಬುದ್ಧನ ಮುಂದೆ ದೊಡ್ಡವಳಿಗೆ ಬೋಧಿಸೇನನ ಕಥೆ ಹೇಳಿದೆ. ಭಾರತದ ಭಿಕ್ಷು, 736ರಲ್ಲಿ ಜಪಾನ್ ತಲುಪಿದವನು, 752ರಲ್ಲಿ ಈ ಮೂರ್ತಿಗೆ ಕಣ್ಣು ಬರೆದವನು. ಕುಂಚಕ್ಕೆ ಕಟ್ಟಿದ ದಾರಗಳನ್ನು ನೆರೆದ ಜನ ಹಿಡಿದಿದ್ದರಂತೆ. ಅವಳು ಬಹಳ ಹೊತ್ತು ಯೋಚಿಸಿ ಕೇಳಿದಳು: "ಹದಿನಾರು ವರ್ಷ ಅವರು ಊಟಕ್ಕೆ ಏನು ಮಾಡಿದರು?" ಆ ಹೊತ್ತಿಗೆ ನಮ್ಮ ಚಟ್ನಿಪುಡಿ ಮುಗಿದು ಎರಡು ದಿನವಾಗಿತ್ತು.

ಈಗ ಹೇಳಲೇಬೇಕಾದದ್ದು. ಒಂದು ದೊಡ್ಡ ನಿಲ್ದಾಣದಲ್ಲಿ ಚಿಕ್ಕವಳನ್ನು ಕಳೆದುಕೊಂಡೆ. ತಪ್ಪು ನನ್ನದೇ. ಪೆಟ್ಟಿಗೆಗಳನ್ನು ಲಿಫ್ಟಿನೊಳಗೆ ತಳ್ಳಿ ತಿರುಗಿದೆ, ಬಾಗಿಲು ಮುಚ್ಚಿತು, ಅವಳು ಹೊರಗೆ. ಮೇಲಿನ ಮಹಡಿ ತಲುಪಿ ಮತ್ತೆ ಇಳಿಯುವುದಕ್ಕೆ ನಾಲ್ಕು ನಿಮಿಷ. ದೊಡ್ಡವಳು ಅಳಲಿಲ್ಲ, ನನ್ನ ಅಂಗಿಯ ತುದಿ ಹಿಡಿದಿದ್ದಳು. ಇಳಿದು ನೋಡಿದರೆ ಚಿಕ್ಕವಳು ಲಿಫ್ಟಿನ ಎದುರೇ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು ಚಕ್ಕುಲಿ ತಿನ್ನುತ್ತಿದ್ದಳು. ಪಕ್ಕದಲ್ಲಿ ರೈಲ್ವೆ ಸಿಬ್ಬಂದಿಯೊಬ್ಬರು ಮಂಡಿಯೂರಿದ್ದರು. ಅವರ ಬಿಳಿ ಕೈಗವಸಿನಲ್ಲಿ ಅವಳ ವಿಳಾಸದ ಚೀಟಿ, ಇನ್ನೊಂದು ಕೈಯಲ್ಲಿ ಅವಳು ಕೊಟ್ಟ ಅರ್ಧ ಚಕ್ಕುಲಿ. ಸಮವಸ್ತ್ರದಲ್ಲಿ ತಿನ್ನಬಾರದು, ಮಗು ಕೊಟ್ಟದ್ದನ್ನು ಎಸೆಯಬಾರದು, ಪಾಪ ಏನು ಮಾಡುತ್ತಾರೆ. ನಾನು ಎಷ್ಟು ಸಲ ಬಾಗಿದೆನೋ ಲೆಕ್ಕವಿಲ್ಲ. ಇಬ್ಬರ ಅಮ್ಮನವರೇ, ನಿಮ್ಮ ಆ ಒಂದು ವಾಕ್ಯಕ್ಕೆ ನಾನು ಋಣಿ. ಹೆಂಡತಿಗೆ ಈ ಸಂಗತಿ ಹೇಳಿದ್ದು ಪರೀಕ್ಷೆ ಮುಗಿದ ಮೇಲೆ.

ಹೊಸಪೇಟೆ ಅಕ್ಕಾ, ಆ ಚೀಲ ಬಳಸುವ ಸಂದರ್ಭ ಬರಲಿಲ್ಲ. ಆದರೆ ಮೂರನೆಯ ದಿನ ಪೆಟ್ಟಿಗೆಯಲ್ಲಿ ಅದು ಕಾಣಲಿಲ್ಲ. ಕೇಳಬೇಕೆಂದುಕೊಂಡು ಸುಮ್ಮನಾದೆ. ಅವಳೇ ಎತ್ತಿ ತನ್ನ ಬೆನ್ನಚೀಲಕ್ಕೆ ಹಾಕಿಕೊಂಡಿದ್ದಳು.

ಜಡೆ ಚೆನ್ನಾಗಿಯೇ ಹಾಕಿದೆ. ಅಭ್ಯಾಸ ಫಲ ಕೊಟ್ಟಿತು.

ಮೂಡಿಗೆರೆ ಮಳೆ

ಓದಿದೆ. ಲಿಫ್ಟಿನ ಭಾಗ ಓದುವಾಗ 'ನಾನು ಹೇಳಿರಲಿಲ್ಲವೇ' ಎಂದು ಬರೆಯಲು ಹೊರಟಿದ್ದೆ. ತಾಯಿ ಇದ್ದಿದ್ದರೂ ಬಾಗಿಲು ಮುಚ್ಚುತ್ತಿತ್ತು. ಅಂದ ಹಾಗೆ, ಆ ಖಾಸಗಿ ಕೊಳ ಕಾಯ್ದಿರಿಸುವುದು ಹೇಗೆಂದು ಸ್ವಲ್ಪ ವಿವರವಾಗಿ ಬರೆಯಿರಿ. ನನಗಲ್ಲ, ತಮ್ಮ ಹೋಗುತ್ತಿದ್ದಾನೆ.

ಪರೀಕ್ಷೆ ಬರೆದವಳು, ದಾವಣಗೆರೆ

ನಾನು ಮೇಲಿನವರ ಹೆಂಡತಿ, ಇವತ್ತೇ ಖಾತೆ ತೆರೆದೆ. ಉಳಿದದ್ದೆಲ್ಲ ನಿಜ. ಜಡೆಯ ಸಾಲು ಮಾತ್ರ ಸುಳ್ಳು. ಮೊದಲ ಮೂರು ದಿನ ಇವರು ಹಾಕಿದರು, ನಾಲ್ಕನೆಯ ದಿನದಿಂದ ದೊಡ್ಡವಳು ತಂಗಿಗೂ ತನಗೂ ಹಾಕಿದಳು. ಮೊದಲ ಮೂರು ದಿನದ ಫೋಟೊ ನನ್ನ ಬಳಿ ಇದೆ.